ಹಿಂಬರಹ ಓದಲು ಕಲಿತದ್ದು: ಕೊಡಗಿನ ಶಾಸಕರ ಕಚೇರಿಯಲ್ಲಿ ನನ್ನ ಅನುಭವ

ನಮ್ಮ ಕಡೆ ಶಾಸಕರ ಕಚೇರಿಗೆ ಬರುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತದೆ. ಮಳೆಯ ಊರು, ಕಾಗದ ನೆನೆಯಬಾರದಲ್ಲ. ಒಳಗೆ ಆಧಾರ್, ರೇಷನ್ ಕಾರ್ಡ್, ಕರೆಂಟ್ ಬಿಲ್ಲು, ಯಾರೋ ಬರೆದುಕೊಟ್ಟ ಅರ್ಜಿಯ ಜೆರಾಕ್ಸ್. ಎಲ್ಲಕ್ಕಿಂತ ಕೆಳಗೆ ನಾಲ್ಕಾಗಿ ಮಡಚಿಟ್ಟ ಹಿಂಬರಹ, ಅಂದರೆ ಅರ್ಜಿಗೆ ಸರ್ಕಾರಿ ಕಚೇರಿ ಕಾರಣ ಬರೆದು ಕೊಟ್ಟ ಉತ್ತರ. ಆ ಕೆಳಗಿನ ಕಾಗದವನ್ನೇ ಮೊದಲು ಓದಬೇಕು ಎಂಬುದು ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು.

ಬೇರೆ ಬೇರೆ ಅವಧಿಯಲ್ಲಿ ಇಬ್ಬರು ಶಾಸಕರ ಹತ್ತಿರ ನಾನು ಆಪ್ತ ಸಹಾಯಕನಾಗಿದ್ದೆ. ಅವರ ಹೆಸರು, ಪಕ್ಷ ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಕಚೇರಿಯ ಒಳಗಿನ ಕೆಲಸದ ಬಗ್ಗೆ, ಅದು ಯಾರಿದ್ದರೂ ಹೆಚ್ಚುಕಡಿಮೆ ಒಂದೇ.

ಹಿರಿಯರು ಈಗಲೂ ಹೇಳುವ ಮಾತೊಂದಿದೆ: ‘ನಮಗೇ 24 ಶಾಸಕರಿದ್ದರು.’ ನಿಜ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರ ಚುನಾವಣೆಯ ನಂತರ ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿ, ವಿಧಾನಸಭೆಯ ಬಲ 24. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದೊಳಗೆ ಸೇರಿದೆವು. ಮೊನ್ನೆ ಮೊನ್ನೆಯವರೆಗೂ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರು ಕ್ಷೇತ್ರಗಳಾದರೂ ಇದ್ದವು. 2008ರ ಚುನಾವಣೆಯಿಂದ ಮಡಿಕೇರಿ, ವಿರಾಜಪೇಟೆ ಎರಡೇ. ಕರಿಕೆಯಿಂದ ಶನಿವಾರಸಂತೆಯವರೆಗೆ, ಸಂಪಾಜೆಯಿಂದ ಕುಟ್ಟದವರೆಗೆ ಇರುವ ಎಲ್ಲರ ಅಹವಾಲನ್ನೂ 224 ಜನರ ಸಭೆಯಲ್ಲಿ ಇಬ್ಬರೇ ಹೇಳಬೇಕು. ಹಾಗಾಗಿ ಆ ಇಬ್ಬರ ಮೇಜಿನ ಮೇಲೆ ಬರುವ ಒಂದು ಕಾಗದವೂ ಹಾಳಾಗಬಾರದು ಎಂದು ನನಗೆ ಅನ್ನಿಸುತ್ತಿತ್ತು. ಆದರೂ ಹಾಳು ಮಾಡಿದೆ.

ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ, ತೋಟದ ಕೆಲಸ ಮಾಡಿಕೊಂಡೇ ಪೈಸಾರಿ, ಅಂದರೆ ಸರ್ಕಾರಿ ಜಾಗದಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡ ಅಕ್ಕ ಒಬ್ಬರು ಬಂದಿದ್ದರು. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡುವ ಭೂಕಂದಾಯ ಕಾಯ್ದೆಯ 94ಸಿ ಅಡಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದರು, ತಿರಸ್ಕಾರವಾಗಿತ್ತು. ‘ಒಂದು ಲೆಟರ್ ಕೊಡಿ ಅಣ್ಣ’ ಅಂದರು. ಸರತಿಯಲ್ಲಿ ಇನ್ನೂ ಇಪ್ಪತ್ತು ಜನ ಇದ್ದರು. ‘ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳುವುದು’ ಎಂಬ ಮಾಮೂಲಿ ಒಕ್ಕಣೆಯ ಶಿಫಾರಸು ಪತ್ರವನ್ನು ತಾಲ್ಲೂಕು ಕಚೇರಿಗೆ ಬರೆದು, ಸಹಿ ಹಾಕಿಸಿ ಕೊಟ್ಟೆ. ಏಳು ತಿಂಗಳ ನಂತರ ಅದೇ ಕವರ್ ಹಿಡಿದು ಅದೇ ಅಕ್ಕ ಬಂದರು. ಕವರಿನಲ್ಲಿ ಈಗ ಎರಡು ಹಿಂಬರಹಗಳು. ಕುಳಿತು ಓದಿದೆ. ಎರಡರಲ್ಲೂ ಒಂದೇ ಕಾರಣ: ಸದರಿ ಸರ್ವೆ ನಂಬರ್ ಸಿ ಮತ್ತು ಡಿ ವರ್ಗದ ಜಮೀನು. ಬೇಸಾಯಕ್ಕೆ ಯೋಗ್ಯವಲ್ಲವೆಂದು ಒಂದು ಕಾಲದಲ್ಲಿ ವರ್ಗೀಕರಿಸಿ, ಆಮೇಲೆ ಅರಣ್ಯ ಇಲಾಖೆಗೆ ವಹಿಸಿದ ಕಂದಾಯ ಜಮೀನು ಅದು. ತಾಲ್ಲೂಕು ಕಚೇರಿಗೆ ನಾನು ಎಷ್ಟು ಪತ್ರ ಬರೆದರೂ ಅಲ್ಲಿಂದ ಬೇರೆ ಉತ್ತರ ಬರುವಂತೆಯೇ ಇರಲಿಲ್ಲ. ಆ ಏಳು ತಿಂಗಳು ಆಕೆ ಎಷ್ಟು ದಿನದ ಕೂಲಿ ಬಿಟ್ಟು ಕಚೇರಿ ಅಲೆದರೋ, ಕೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನ ಪೇಟೆಯಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದೆ. ಐದು ಕಾಲಂ ಎಳೆದೆ: ಯಾರು, ಯಾವ ಸರ್ವೆ ನಂಬರ್ ಅಥವಾ ಯಾವ ಹಾಡಿ (ಆದಿವಾಸಿಗಳ ಕೇರಿ), ಹಿಂಬರಹದಲ್ಲಿ ಬರೆದ ಕಾರಣ, ನಾವು ಯಾರಿಗೆ ಬರೆದೆವು, ಏನಾಯಿತು. ಕಚೇರಿಯಲ್ಲಿ ಟಪಾಲು ಪುಸ್ತಕ ಮೊದಲೇ ಇತ್ತು, ಆದರೆ ಅದರಲ್ಲಿ ಪತ್ರ ಹೋದ ದಿನಾಂಕ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಕಾರಣದ ಕಾಲಂ ತುಂಬುತ್ತಾ ಹೋದಂತೆ ಒಬ್ಬೊಬ್ಬರ ಕಷ್ಟ ಎಂದುಕೊಂಡಿದ್ದುದು ಊರಿಗೆ ಊರಿನ ಕಷ್ಟವಾಗಿ ಕಂಡಿತು. ಒಂದೇ ಹೋಬಳಿಯಲ್ಲಿ ಸಿ ಮತ್ತು ಡಿ ಕಾರಣಕ್ಕೆ ಬಿದ್ದ ಅರ್ಜಿಗಳು ಎರಡು ಪುಟ ತುಂಬಿದವು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಇನ್ನೂ ತೀರಿಹೋದ ಪಟ್ಟೆದಾರರ (ಮನೆತನದ ಹಿರಿಯರ) ಹೆಸರೇ ಇರುವ, ಸಾಲಕ್ಕೆ ಹೋದರೆ ಇಡೀ ಒಕ್ಕದವರ, ಅಂದರೆ ಮನೆತನದವರೆಲ್ಲರ ಸಹಿ ತನ್ನಿ ಎಂದು ವಾಪಸ್ ಕಳಿಸಿಕೊಂಡವರದು ಇನ್ನೊಂದು ಸಾಲು. ಕರಡಿಗೋಡಿನಂಥ ನದಿದಡದವರದು ಮತ್ತೊಂದು: ಪ್ರತಿ ಮಳೆಗಾಲಕ್ಕೆ ಮನೆ ಖಾಲಿ ಮಾಡಿ ಎಂಬ ನೋಟಿಸ್, ಹೋಗುವುದಕ್ಕೆ ಜಾಗ ಮಾತ್ರ ಇಲ್ಲ.

ಈ ಪುಸ್ತಕದಿಂದಲೇ ಸದನದ ಪ್ರಶ್ನೆಗಳನ್ನು ಬರೆಯಲು ಶುರು ಮಾಡಿದೆ. ಮೊದಲ ಪ್ರಶ್ನೆ ಎಲ್ಲರೂ ಬರೆಯುವ ಹಾಗೆಯೇ ಇತ್ತು. ‘ಅ) ಕೊಡಗು ಜಿಲ್ಲೆಯಲ್ಲಿ ಸಿ ಮತ್ತು ಡಿ ಜಮೀನಿನ ಸಮಸ್ಯೆಯಿಂದ ಜನರಿಗೆ ತೊಂದರೆಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಉತ್ತರ ಎರಡೇ ಸಾಲು: ಬಂದಿದೆ, ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ. ನನ್ನ ಪತ್ರದ ಒಕ್ಕಣೆಯೇ ತಿರುಗಿ ನನ್ನ ಕೈಗೆ ಬಂದ ಹಾಗಾಯಿತು.

ಮುಂದಿನ ಅಧಿವೇಶನಕ್ಕೆ ‘ಗಮನಕ್ಕೆ ಬಂದಿದೆಯೇ’ ಎಂಬುದನ್ನೇ ಕೈಬಿಟ್ಟೆ. ಗ್ರಾಮವಾರು ಎಷ್ಟು ಎಕರೆ ಸಿ ಮತ್ತು ಡಿ ಜಮೀನಿದೆ, ಅದರಲ್ಲಿ ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆ ಎಷ್ಟು ಎಕರೆಗೆ ಆಗಿದೆ, ಈ ಒಂದೇ ಕಾರಣಕ್ಕೆ 94ಸಿ ಅರ್ಜಿಗಳು ಎಷ್ಟು ತಿರಸ್ಕೃತವಾಗಿವೆ, ಜಂಟಿ ಸರ್ವೆಗೆ ಕಾಲಮಿತಿ ಏನು, ವಿವರ ನೀಡುವುದು. ಇದನ್ನು ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರ ಮಾತ್ರ ಸಿಗುವ ಪ್ರಶ್ನೆಯಾಗಿ ಹಾಕಿ ಎಂದು ಶಾಸಕ ಸಾಹೇಬರನ್ನು ಕೇಳಿಕೊಂಡೆ. ಅವರಿಗೆ ಮೊದಲು ಇಷ್ಟವಾಗಲಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಎದ್ದು ನಿಂತು ಸಚಿವರಿಂದ ಬಾಯಿಮಾತಿನ ಉತ್ತರ ಕೇಳಬಹುದು, ಉಪಪ್ರಶ್ನೆ ಹಾಕಬಹುದು, ಮರುದಿನದ ಪತ್ರಿಕೆಯಲ್ಲಿ ಸುದ್ದಿಯೂ ಆದೀತು. ಅದಕ್ಕೂ ಬೆಲೆಯಿದೆ, ಇಲ್ಲವೆನ್ನುವುದಿಲ್ಲ. ಆದರೆ ಅಂಕಿ ಅಂಶ ಬೇಕಾದಾಗ ಲಿಖಿತ ಉತ್ತರದ ಅನುಬಂಧದಷ್ಟು ಗಟ್ಟಿ ಕಾಗದ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಸದನದಲ್ಲಿ ಮಂಡಿಸಿದ ಉತ್ತರವನ್ನು ಯಾವ ಅಧಿಕಾರಿಯೂ ‘ಹಾಗಲ್ಲ’ ಎನ್ನಲಾರ. ‘ಕ್ರಮ ಕೈಗೊಳ್ಳಲಾಗುವುದು’ ಎಂದು ಸಚಿವರು ಹೇಳಿದ ಮಾತು ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಹೋಗುವಂಥದ್ದು. ಅದನ್ನು ಬಿಡದೆ ಬೆನ್ನು ಹತ್ತುವವರು ಬೇಕು, ಅಷ್ಟೇ.

ಅನುಬಂಧ ಬಂತು. ಆ ಅಕ್ಕನ ಗ್ರಾಮದ ಎದುರು ಜಂಟಿ ಸರ್ವೆಯ ಕಾಲಂನಲ್ಲಿ ಸೊನ್ನೆ. ಆ ಹಾಳೆಯ ಪ್ರತಿಗಳನ್ನು ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪ್ರಗತಿ ಪರಿಶೀಲನಾ ಸಭೆಗೆ ಒಯ್ದೆವು. ಆ ಸಭೆಗೆ ಶಾಸಕರೇ ಅಧ್ಯಕ್ಷರು, ಎದುರಿಗೆ ಕಂದಾಯದವರೂ ಅರಣ್ಯದವರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಸಾಹೇಬರು ಅಂದು ಧ್ವನಿ ಏರಿಸಲಿಲ್ಲ. ಹಾಳೆ ತೋರಿಸಿ, ‘ಈ ಸೊನ್ನೆ ಯಾವಾಗ ಹೋಗುತ್ತದೆ, ದಿನಾಂಕ ಹೇಳಿ’ ಎಂದಷ್ಟೇ ಕೇಳಿದರು. ದಿನಾಂಕ ನಡಾವಳಿಯಲ್ಲಿ ದಾಖಲಾಯಿತು.

ಆನೆಯ ವಿಷಯ ಮಾತ್ರ ಇಷ್ಟು ಸಲೀಸಲ್ಲ. ಬೆಳಗಿನ ಐದೂವರೆಗೆ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ತೋಟಕ್ಕೆ ನಡೆದು ಹೋಗುತ್ತಿದ್ದ ಕಾರ್ಮಿಕರನ್ನು ಆನೆ ತುಳಿದ ಸುದ್ದಿ ಬರುವುದು ಸಾಮಾನ್ಯವಾಗಿ ಆ ಹೊತ್ತಿಗೇ. ಹೋದಾಗ ಮೃತದೇಹ ಎತ್ತಲು ಬಿಡದೆ ಜನ ಕೂತಿರುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದೇ. ಶಾಸಕರು ಬೈಸಿಕೊಳ್ಳುವುದಕ್ಕಾದರೂ ಅಲ್ಲಿಗೆ ಹೋಗಲೇಬೇಕು. ನನ್ನ ಕೆಲಸ ಜನ ಚದುರಿದ ಮೇಲೆ ಶುರುವಾಗುತ್ತಿತ್ತು. ಒಮ್ಮೆ ಪರಿಹಾರ ಮಂಜೂರಾದರೂ ಹಣ ಹಾಕಲು ಹೆಂಡತಿಯ ಹೆಸರಿನಲ್ಲಿ ಬ್ಯಾಂಕ್ ಖಾತೆಯೇ ಇರಲಿಲ್ಲ. ವಂಶವೃಕ್ಷ, ಮರಣೋತ್ತರ ಪರೀಕ್ಷೆಯ ವರದಿ, ಖಾತೆ, ಈ ಮೂರಕ್ಕೂ ಆ ಹೆಣ್ಣುಮಗಳ ಜೊತೆ ನಾನೇ ಓಡಾಡಿದೆ. ಮನೆಯಲ್ಲಿ ಸೂತಕ ಇನ್ನೂ ಕಳೆದಿರಲಿಲ್ಲ.

ಬೇಡಿಕೆಯ ವಿಷಯದಲ್ಲೂ ಊರು ಊರಿಗೆ ಹೊಂದುವುದಿಲ್ಲ. ಕಾಡಂಚಿಗೆ ರೈಲ್ವೆ ಕಂಬಿಯ ತಡೆಗೋಡೆ ಹಾಕಿ ಎಂಬುದು ಎಲ್ಲರ ಒತ್ತಾಯ, ಸಾಹೇಬರ ಬಹಿರಂಗ ನಿಲುವೂ ಅದೇ. ಕಂಬಿ ದುಬಾರಿ, ತುಂಡು ತುಂಡಾಗಿ ಕೆಲಸ ಆಗುತ್ತದೆ. ಗೋಡೆ ಎಲ್ಲಿ ಮುಗಿಯುತ್ತದೋ ಆನೆ ಅಲ್ಲಿಂದ ಬರುತ್ತದೆ. ನನ್ನ ಪುಸ್ತಕದಲ್ಲಿ ಎದುರುಬದುರು ಪುಟದಲ್ಲಿ ಎರಡು ಅರ್ಜಿಗಳಿದ್ದವು: ಒಂದು ಊರಿನವರು ಧನ್ಯವಾದ ಬರೆದಿದ್ದರು, ಪಕ್ಕದ ಊರಿನವರು ‘ನಮ್ಮ ಗದ್ದೆಗೆ ಆನೆ ತಂದು ಬಿಟ್ಟಿರಿ’ ಎಂದು. ಎರಡನ್ನೂ ಸಾಹೇಬರಿಗೆ ಓದಿ ಹೇಳಿದೆ. ಅಂದಿನಿಂದ ವೇದಿಕೆಯಲ್ಲಿ ಅವರು ‘ಗೋಡೆ ಹಾಕಿಸುತ್ತೇವೆ’ ಎಂದು ನಿಲ್ಲಿಸುತ್ತಿರಲಿಲ್ಲ, ಗೋಡೆ ಇಲ್ಲದ ಕಡೆಗೆ ಕಂದಕ, ಸೋಲಾರ್ ಬೇಲಿಯ ನಿರ್ವಹಣೆಯ ಹಣವನ್ನೂ ಸೇರಿಸಿ ಕೇಳುತ್ತಿದ್ದರು.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿಯ ಬಗ್ಗೆಯೂ ಹೇಳಲೇಬೇಕು. ಅದರ ಆಧಾರದ ಕರಡು ಅಧಿಸೂಚನೆ ಮೊದಲು ಬಂದದ್ದು 2014ರಲ್ಲಿ, ಆರನೆಯದು 2024ರ ಜುಲೈ 31ಕ್ಕೆ. ಕೊಡಗಿನಲ್ಲಿ ಪಕ್ಷ ಯಾವುದಾದರೂ ಜನಪ್ರತಿನಿಧಿಗಳು ಅದನ್ನು ವಿರೋಧಿಸುತ್ತಾರೆ, ಗ್ರಾಮಸಭೆಗಳ ಕಾವು ಹಾಗಿರುತ್ತದೆ. ಟಿಪ್ಪಣಿ ಬರೆಯುವ ಮೊದಲು ಕರಡನ್ನು ಕೂತು ಓದಿದೆ. ನಿಷೇಧದ ಪಟ್ಟಿಯಲ್ಲಿರುವುದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯದ) ಕೈಗಾರಿಕೆ, 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ಕಟ್ಟಡ. ಕಾಫಿ ತೋಟದವರನ್ನು ಎಬ್ಬಿಸುತ್ತಾರೆಂಬುದು ಅದರಲ್ಲಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡ ಮೇಲೆ ಬರೀ ‘ವಿರೋಧವಿದೆ’ ಎಂದು ಬರೆಯಲು ನನ್ನ ಕೈ ಬರಲಿಲ್ಲ. ಯಾವುದು ಕರಡಿನಲ್ಲಿದೆ, ಯಾವುದು ಜನರ ಭಯ, ಆ ಭಯಕ್ಕೆ ಅರಣ್ಯ ಇಲಾಖೆಯೊಂದಿಗಿನ ಹಳೆಯ ಅನುಭವ ಹೇಗೆ ಕಾರಣ, ಇಷ್ಟನ್ನೂ ಬೇರೆ ಬೇರೆ ಬರೆದುಕೊಟ್ಟೆ. ಸಾಹೇಬರು ಸಭೆಯಲ್ಲಿ ವಿರೋಧಿಸಿಯೇ ಮಾತಾಡಿದರು. ಆದರೆ ಬೆಟ್ಟ ಕೊರೆಯುವ ಕ್ವಾರಿಗೂ ತಮ್ಮ ಬೆಂಬಲವಿಲ್ಲ ಎಂದರು. ಅಷ್ಟು ಹೇಳಲೂ ಅಲ್ಲಿ ಧೈರ್ಯ ಬೇಕಿತ್ತು.

ಜಂಟಿ ಸರ್ವೆಯವರು ಹೇಳಿದ ದಿನಕ್ಕೆ ಬರಲಿಲ್ಲ, ಮಳೆ ಕಳೆದ ಮೇಲೆ ಬಂದರು. ನಾನೂ ಹೋಗಿದ್ದೆ. ಗಡಿಕಲ್ಲು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು, ಲಂಟಾನದ ಮೆಳೆಯಲ್ಲಿ ಅದು ಮುಚ್ಚಿಹೋಗಿತ್ತು. ಗೆರೆ ಎಳೆದಾಗ ಅಕ್ಕನ ಮನೆ ಕಂದಾಯದ ಕಡೆ ಬಂತು, ಹಿತ್ತಲ ಬಚ್ಚಲು ಅರಣ್ಯದ ಕಡೆ ಹೋಯಿತು. ‘ಬಚ್ಚಲು ಈಚೆ ಕಟ್ಕೊಳ್ತೀನಿ ಬಿಡಿ ಅಣ್ಣ’ ಎಂದರು. ಅವರ ಕಣ್ಣು ಮಾತ್ರ ಮೇಲಿನ ಮೂರು ಮನೆಗಳ ಕಡೆ ಇತ್ತು. ಆ ಮೂರೂ ಪೂರ್ತಿ ಆಚೆ ಬಿದ್ದಿದ್ದವು.

ಆ ಮೂರು ಮನೆಯವರು ಪರಿಶಿಷ್ಟ ಪಂಗಡದವರಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಕೇಳಬೇಕೆಂದರೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದುದಕ್ಕೆ ಸಾಕ್ಷ್ಯ ಬೇಕು. ಅವರ ಅಜ್ಜ ತೋಟದ ಕೆಲಸಕ್ಕೆ ಬಂದ ಕಾಲದ ಚೆಕ್‌ರೋಲ್ (ಕಾರ್ಮಿಕರ ಹಾಜರಿ ಪುಸ್ತಕ) ಎಲ್ಲಾದರೂ ಉಳಿದಿದೆಯೇ ಎಂದು ಹಳೆಯ ತೋಟದ ರೈಟರುಗಳನ್ನೆಲ್ಲ (ಗುಮಾಸ್ತರನ್ನೆಲ್ಲ) ವಿಚಾರಿಸಿದೆ. ನಾನು ಕೆಲಸ ಬಿಡುವವರೆಗೂ ಸಿಗಲಿಲ್ಲ. ಪುಸ್ತಕವನ್ನು ನನ್ನ ನಂತರ ಬಂದ ಹುಡುಗನಿಗೆ ಒಪ್ಪಿಸುವಾಗ, ಐದನೇ ಕಾಲಂ ಖಾಲಿಯಿದ್ದ ಆ ಮೂರು ಸಾಲಿನ ಪುಟವನ್ನೇ ತೆರೆದು ಅವನ ಮುಂದಿಟ್ಟೆ.