ಬಸ್ ಪಾಸ್ ಅರ್ಜಿ ವಾಪಸ್ ಬಾರದಂತೆ ತುಂಬುವುದು: ನನ್ನ ಅನುಭವ

ವಿಕಲಚೇತನರ ಬಸ್ ಪಾಸಿಗೆ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ತುಂಬುವುದು ದೊಡ್ಡ ಕೆಲಸವೇನಲ್ಲ. ಅರ್ಜಿ ವಾಪಸ್ ಬಂದರೆ ಮಾತ್ರ ಓಡಾಟ ಶುರು. ನಾನು ತುಂಬಿಕೊಟ್ಟವುಗಳಲ್ಲಿ ತಿರುಗಿ ಬಂದವು ಹೆಚ್ಚಾಗಿ ಫಾರಂ ತಪ್ಪಿನಿಂದ ಬಂದವಲ್ಲ, ಆಧಾರ್ ಒಂದು ಹೇಳಿ ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡ್) ಇನ್ನೊಂದು ಹೇಳಿದ್ದರಿಂದ ಬಂದವು. ಹಾಗಾಗಿ ಕಂಪ್ಯೂಟರ್ ಮುಟ್ಟುವ ಮೊದಲು ಎರಡೂ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದುತ್ತೇನೆ.

ಮೊದಲು ಹೆಸರು. ಆಧಾರ್‌ನಲ್ಲಿ 'ಮಂಜುನಾಥ ಕೆ ಎಸ್' ಎಂದಿರುತ್ತದೆ, ಯುಡಿಐಡಿಯಲ್ಲಿ 'ಮಂಜುನಾಥ ಸಿದ್ದಪ್ಪ'. ಊರಿನವರಿಗೆಲ್ಲ ಇಬ್ಬರೂ ಒಬ್ಬರೇ, ಕಡತಕ್ಕೆ ಬೇರೆ ಬೇರೆ. ಇಂಥಲ್ಲಿ ಆಧಾರ್ ತಿದ್ದಿಸಲು ಓಡಬೇಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡು ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಬ್ಯಾಂಕು, ಪಿಂಚಣಿ, ರೇಷನ್ ಎಲ್ಲವೂ ಅದಕ್ಕೇ ತಗಲಿಕೊಂಡಿವೆ. ಆಧಾರ್ ಸರಿಯಿದ್ದರೆ ಯುಡಿಐಡಿ ಕೊಡುವ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿಯನ್ನೇ ಅದಕ್ಕೆ ಹೊಂದಿಸಿಕೊಳ್ಳುವುದು ವಾಸಿ.

ಎರಡನೆಯದು ಅಂಗವೈಕಲ್ಯದ ಶೇಕಡಾವಾರು ಮತ್ತು ಪ್ರಮಾಣಪತ್ರದ ಅವಧಿ. ಸವಲತ್ತಿನ ಗೆರೆ ಶೇ. 40. ಯುಡಿಐಡಿ ಕಾರ್ಡಿನ ಬಣ್ಣ ನೋಡಿದರೇ ಅಂದಾಜು ಸಿಗುತ್ತದೆ: ಬಿಳಿ ಎಂದರೆ 40ಕ್ಕಿಂತ ಕಡಿಮೆ, ಹಳದಿ 40ರಿಂದ 80ರ ಒಳಗೆ, ನೀಲಿ 80 ಮತ್ತು ಮೇಲೆ. ಬಿಳಿ ಕಾರ್ಡ್ ಹಿಡಿದು ಬಂದವರಿಗೆ ಅರ್ಜಿ ಹಾಕಿಸಿ ಆಸೆ ಹುಟ್ಟಿಸುವುದು ತಪ್ಪು. ಮಕ್ಕಳ ಪ್ರಮಾಣಪತ್ರ ಅನೇಕ ಸಲ ತಾತ್ಕಾಲಿಕವಾಗಿರುತ್ತದೆ, ಅದರ ಮೇಲೆ ಮುಗಿಯುವ ದಿನಾಂಕ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಮುಗಿದಿದ್ದರೆ ಮತ್ತೆ ಆಸ್ಪತ್ರೆಗೆ ಹೋಗಿ ತಪಾಸಣೆ ಆಗಬೇಕು, ಪಾಸಿನ ಮಾತು ಆಮೇಲೆ. ಹಳೆಯ ಪುಸ್ತಕದಂಥ ಗುರುತಿನ ಚೀಟಿ ಮಾತ್ರ ಇರುವವರೂ ಮೊದಲು ಯುಡಿಐಡಿಯನ್ನೇ ಮಾಡಿಸಬೇಕು. 2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರ ಸ್ವಾವಲಂಬನ್ ಪೋರ್ಟಲ್ ಮೂಲಕವೇ ಬರುವುದು.

ದೃಷ್ಟಿದೋಷವಿದ್ದವರ ಕಾರ್ಡಿನಲ್ಲಿ ಇನ್ನೊಂದು ಸಾಲು ನೋಡಿ: 'ಬ್ಲೈಂಡ್‌ನೆಸ್' ಎಂದಿದೆಯೋ 'ಲೋ ವಿಷನ್' ಎಂದಿದೆಯೋ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನ ದೃಷ್ಟಿ 3/60ಕ್ಕಿಂತ (ಸರಿಯಾದ ಕಣ್ಣಿಗೆ 60 ಮೀಟರಿನಿಂದ ಕಾಣುವುದು 3 ಮೀಟರಿನಿಂದ ಕಾಣುವುದು) ಕಡಿಮೆಯಿದ್ದರೆ ಅಂಧತ್ವ. ಅಂಧರಿಗೆ ಇರುವುದು ಉಚಿತ ಪಾಸ್, ಅದರ ಅರ್ಜಿಯೇ ಬೇರೆ. ಮಂದದೃಷ್ಟಿಯವರು ಅದನ್ನು ತುಂಬಿದರೆ ವಾಪಸ್ ಬರುವುದು ಗ್ಯಾರಂಟಿ.

ಮೂರನೆಯದು ವಿಳಾಸ, ಹೆಚ್ಚು ಜನ ಎಡವುವುದು ಇಲ್ಲೇ. ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ನಡೆಯುವುದು ವಾಸಸ್ಥಳದಿಂದ 100 ಕಿ.ಮೀ. ಒಳಗೆ. ಮೈಸೂರಿನ ವಿಳಾಸವಿದ್ದರೆ ಮಂಡ್ಯ, ಮದ್ದೂರು ಸಲೀಸು. ಬೆಂಗಳೂರು ಸುಮಾರು 145 ಕಿ.ಮೀ., ಅಲ್ಲಿಯವರೆಗೆ ಪಾಸ್ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಆಧಾರ್‌ನಲ್ಲಿ ಹಾಸನದ ಹಳ್ಳಿ ಇಟ್ಟುಕೊಂಡವರಿಗೆ ಆ ಹಳ್ಳಿಯ ಸುತ್ತಲಿನ ಪಾಸೇ ಸಿಗುತ್ತದೆ. ದಿನಾ ಓಡಾಡುವುದು ಎಲ್ಲಿ ಎಂದು ಮೊದಲು ಕೇಳಿ, ಬೇಕಿದ್ದರೆ ವಿಳಾಸ ಬದಲಿಸಿ, ನಂತರ ಅರ್ಜಿ ಹಾಕಿ. ವಿಳಾಸ ಬದಲಾವಣೆಗೆ ಹೆಸರಿನ ಹಾಗೆ ಎರಡೇ ಸಲ ಎಂಬ ಕಟ್ಟು ಇಲ್ಲ.

ಈ ಮೂರೂ ಸರಿಯಿದ್ದರೆ ಉಳಿದದ್ದು ಬೇಗ ಮುಗಿಯುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಅರ್ಜಿದಾರರ ಕೈಯಲ್ಲೇ ಇರಲಿ. ಓಟಿಪಿ ಮಗನ ಫೋನಿಗೆ ಹೋಗಿ, ಮಗ ಇನ್ನೆಲ್ಲೋ ಇದ್ದರೆ ಕೆಲಸ ಅಲ್ಲಿಗೇ ನಿಂತಿತು. ಕುಷ್ಠರೋಗದಿಂದ ಗುಣಮುಖರಾದವರಿಗೆ ಬೆರಳಚ್ಚು ಕೂಡದಿರಬಹುದು, ಅವರಿಗೆ ಈ ಓಟಿಪಿಯೇ ದಾರಿ. ಕಾರ್ಡುಗಳನ್ನು ಮೊಬೈಲಿನಲ್ಲಿ ಫೋಟೊ ಹೊಡೆದರೆ ಲ್ಯಾಮಿನೇಷನ್ ಹೊಳೆದು ನಂಬರ್ ಮುಚ್ಚಿಹೋಗುತ್ತದೆ. ಆಯಾ ಕಾರ್ಡಿನ ಪೋರ್ಟಲ್‌ನಿಂದ ಇಳಿಸಿದ ಇ-ಕಾರ್ಡನ್ನೇ ಹಾಕುತ್ತೇನೆ. ಪಾಸ್ ಪಡೆಯುವ ಕೌಂಟರ್ ಆರಿಸುವಾಗ ಮನೆಗೆ ಹತ್ತಿರದ್ದಲ್ಲ, ಮೆಟ್ಟಿಲಿಲ್ಲದ್ದನ್ನು ಆರಿಸಿ.

ನಾನು ಕಟ್ಟಿಸಿದ ಶುಲ್ಕ ವರ್ಷಕ್ಕೆ 660 ರೂಪಾಯಿ. ಪಾಸಿನ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಹಳೆಯ ಪಾಸನ್ನು ಫೆಬ್ರವರಿ ಕೊನೆಯವರೆಗೆ ಮಾನ್ಯ ಮಾಡುತ್ತಾ ಬಂದಿದ್ದಾರೆ, ನವೀಕರಣದ ನೂಕುನುಗ್ಗಲು ತಪ್ಪಿಸಲು. ಎಲ್ಲರೂ ಫೆಬ್ರವರಿಯ ಕೊನೆಯ ವಾರವೇ ಬಂದರೆ ಆ ನೂಕುನುಗ್ಗಲು ಅಲ್ಲೇ ಇರುತ್ತದೆ. ಮಹಿಳೆಯರಿಗೆ ಮಾತ್ರ ಹಣ ಕಟ್ಟುವ ಮೊದಲೇ ಒಂದು ಮಾತು ಹೇಳುತ್ತೇನೆ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್‌ಗಳಲ್ಲಿ ಪ್ರಯಾಣ ಉಚಿತ, 100 ಕಿ.ಮೀ. ಮಿತಿಯೂ ಇಲ್ಲ. ಹಾಗಿರುವಾಗ ಈ 660 ಏತಕ್ಕೆ?

ಹಿರಿಯ ನಾಗರಿಕರದ್ದು ಸುಲಭ. 60 ತುಂಬಿದವರಿಗೆ ಟಿಕೆಟ್ ದರದಲ್ಲಿ ಶೇ. 25 ರಿಯಾಯಿತಿ, ವಯಸ್ಸಿನ ದಾಖಲೆ ತೋರಿಸಬೇಕು. ಟಿಕೆಟ್ ಹರಿದ ಮೇಲೆ ಕಾರ್ಡ್ ತೆಗೆದರೆ ಪ್ರಯೋಜನವಿಲ್ಲ, ಕಂಡಕ್ಟರ್ ಬರುವಾಗಲೇ ಕೈಯಲ್ಲಿರಲಿ. ಆನ್‌ಲೈನ್ ಬುಕಿಂಗ್ ಆದರೆ ರಿಯಾಯಿತಿಯ ವರ್ಗವನ್ನು ಟಿಕೆಟ್ ತೆಗೆಯುವಾಗಲೇ ಆರಿಸಬೇಕು. ರೈಲಿನಲ್ಲೂ ಇದೆಯಲ್ಲ ಎಂದು ಈಗಲೂ ಕೇಳುತ್ತಾರೆ. ಗಂಡಸರಿಗೆ ಶೇ. 40, 58 ತುಂಬಿದ ಹೆಂಗಸರಿಗೆ ಶೇ. 50 ಇದ್ದದ್ದು ನಿಜ, 2020ರ ಮಾರ್ಚ್ 20ರಿಂದ ನಿಲ್ಲಿಸಿದ್ದಾರೆ. ವಿಕಲಚೇತನರ ಕೆಲವು ವರ್ಗಗಳಿಗೆ ರೈಲ್ವೆ ರಿಯಾಯಿತಿ ಉಳಿದಿದೆ, ಆದರೆ ಬಸ್ ಪಾಸ್ ಅಲ್ಲಿ ನಡೆಯುವುದಿಲ್ಲ. ರೈಲ್ವೆಯವರದೇ ಪ್ರತ್ಯೇಕ ಗುರುತಿನ ಕಾರ್ಡ್ ಮಾಡಿಸಬೇಕು, ಅದಕ್ಕೆ ಸರ್ಕಾರಿ ವೈದ್ಯರ ಸಹಿಯಿರುವ ರೈಲ್ವೆ ನಮೂನೆಯ ರಿಯಾಯಿತಿ ಪ್ರಮಾಣಪತ್ರ ಬೇಕು.