ಒಂದು ಯೀಸ್ಟ್‌ಗೆ ಬದಲಾಗಿ ಇನ್ನೊಂದನ್ನು ಬಳಸುವ ಬಗೆ

ಪಾಕವಿಧಾನ ಕೇಳುವ ಯೀಸ್ಟ್ ಒಂದು, ಮನೆಯಲ್ಲಿರುವುದು ಇನ್ನೊಂದು ಎಂಬ ಕಾರಣಕ್ಕೆ ಬ್ರೆಡ್ ಮಾಡುವುದನ್ನು ಕೈಬಿಡಬೇಕಾಗಿಲ್ಲ. ತಾಜಾ ಯೀಸ್ಟ್, ಆಕ್ಟಿವ್ ಡ್ರೈ ಯೀಸ್ಟ್, ಇನ್‌ಸ್ಟಂಟ್ ಯೀಸ್ಟ್ ಈ ಮೂರೂ ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂಬ ಒಂದೇ ಸೂಕ್ಷ್ಮಜೀವಿಯಿಂದ ಬಂದವು. ತಾಜಾ ಯೀಸ್ಟ್‌ನ ತೂಕದಲ್ಲಿ ಸುಮಾರು ಶೇ. 70ರಷ್ಟು ನೀರೇ ಇರುತ್ತದೆ. ಆಕ್ಟಿವ್ ಡ್ರೈ ಯೀಸ್ಟ್‌ನ ದಪ್ಪ ಕಾಳುಗಳಲ್ಲಿ, ಒಣಗಿಸುವಾಗ ಸತ್ತ ಹೊರಗಿನ ಕೋಶಗಳು ಒಳಗಿನ ಜೀವಂತ ಕೋಶಗಳಿಗೆ ಕವಚದಂತೆ ಅಂಟಿಕೊಂಡಿರುತ್ತವೆ; ಇನ್‌ಸ್ಟಂಟ್ ಯೀಸ್ಟ್‌ನ ಸಣ್ಣ ಕಾಳುಗಳಲ್ಲಿ ಬದುಕಿ ಉಳಿದ ಕೋಶಗಳ ಪಾಲು ಹೆಚ್ಚು. ಆದುದರಿಂದಲೇ ಇವುಗಳನ್ನು ಸಮತೂಕದಲ್ಲಿ ಅದಲುಬದಲು ಮಾಡಲಾಗದು.

ಲೆಕ್ಕ ಸರಳವಾಗಿದೆ. ತಾಜಾ ಯೀಸ್ಟ್‌ನ ತೂಕವನ್ನು 0.4ರಿಂದ ಗುಣಿಸಿದರೆ ಆಕ್ಟಿವ್ ಡ್ರೈ ಯೀಸ್ಟ್‌ನ ಪ್ರಮಾಣವೂ, 3ರಿಂದ ಭಾಗಿಸಿದರೆ ಇನ್‌ಸ್ಟಂಟ್ ಯೀಸ್ಟ್‌ನ ಪ್ರಮಾಣವೂ ದೊರೆಯುತ್ತದೆ. 500 ಗ್ರಾಂ ಹಿಟ್ಟಿಗೆ 15 ಗ್ರಾಂ ತಾಜಾ ಯೀಸ್ಟ್ ಹೇಳಿದ್ದರೆ, ಆಕ್ಟಿವ್ ಡ್ರೈ ಆದಲ್ಲಿ 6 ಗ್ರಾಂ, ಇನ್‌ಸ್ಟಂಟ್ ಆದಲ್ಲಿ 5 ಗ್ರಾಂ ಸಾಕು. ಆ 15 ಗ್ರಾಂನಲ್ಲಿ ಸುಮಾರು 10 ಗ್ರಾಂ ನೀರೇ ಇದ್ದುದರಿಂದ, ಒಣ ಯೀಸ್ಟ್ ಬಳಸುವಾಗ ಎರಡು ಟೀ ಚಮಚ ನೀರನ್ನು ಹೆಚ್ಚಾಗಿ ಸೇರಿಸುವುದು ಒಳ್ಳೆಯದು. ಇಷ್ಟು ಸಣ್ಣ ಪ್ರಮಾಣಗಳಿಗೆ ತಕ್ಕಡಿಯನ್ನೇ ನಂಬಬೇಕೆಂಬುದು ನನ್ನ ದೃಢ ಅಭಿಪ್ರಾಯ; ತಕ್ಕಡಿ ಇಲ್ಲದಿದ್ದರೆ ಮಟ್ಟ ಮಾಡಿದ ಒಂದು ಟೀ ಚಮಚ ಒಣ ಯೀಸ್ಟ್ ಸುಮಾರು 3 ಗ್ರಾಂ ತೂಗುತ್ತದೆಂದು ಲೆಕ್ಕ ಹಿಡಿಯಬಹುದು.

ಪ್ರಮಾಣದಷ್ಟೇ ಮುಖ್ಯವಾದುದು ಸೇರಿಸುವ ಕ್ರಮ. ಆಕ್ಟಿವ್ ಡ್ರೈ ಯೀಸ್ಟ್‌ನ ಕವಚ ಕರಗಬೇಕಾದುದರಿಂದ, ಪಾಕವಿಧಾನದ ನೀರಿನಲ್ಲೇ ಸ್ವಲ್ಪವನ್ನು ತೆಗೆದು, ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿ, ಚಿಟಿಕೆ ಸಕ್ಕರೆಯೊಡನೆ ಅದನ್ನು ಹತ್ತು ನಿಮಿಷ ನೆನೆಸಬೇಕು. ಕಾಳುಗಳು ಮೊದಲು ತಳಕ್ಕಿಳಿದು ಮೆತ್ತಗಾಗಿ, ಆಮೇಲೆ ಒಂದೊಂದಾಗಿ ಗುಳ್ಳೆಯೊಡನೆ ಮೇಲೆದ್ದು, ಕೊನೆಗೆ ಇಡೀ ಮೇಲ್ಮೈಯನ್ನು ಕಂದುಬಣ್ಣದ ನೊರೆ ಮುಚ್ಚುತ್ತದೆ. ನೊರೆ ಬಾರದಿದ್ದರೆ ಆ ಯೀಸ್ಟ್‌ಗೆ ಜೀವವಿಲ್ಲವೆಂದು ತಿಳಿದು, ಹಿಟ್ಟನ್ನು ಹಾಳುಮಾಡದೆ ಅಲ್ಲಿಗೇ ನಿಲ್ಲಿಸಬೇಕು. ನೀರು 60 ಡಿಗ್ರಿಯಷ್ಟು ಬಿಸಿಯಾಗಿದ್ದರೆ ಕೋಶಗಳು ಸಾಯುತ್ತವೆ. ಒಣ ಯೀಸ್ಟ್‌ಗೆ ನೇರವಾಗಿ ತಣ್ಣೀರು ಹಾಕುವುದೂ ಸಲ್ಲದು, ಏಕೆಂದರೆ ಆಗ ಕೋಶಗಳಿಂದ ಗ್ಲುಟಾಥಿಯೋನ್ ಎಂಬ ವಸ್ತು ಹೊರಬಂದು, ನಾದಿದ ಹಿಟ್ಟಿನ ಬಿಗಿಯನ್ನೇ ಸಡಿಲಗೊಳಿಸುತ್ತದೆ.

ಇನ್‌ಸ್ಟಂಟ್ ಯೀಸ್ಟ್ ಅನ್ನು ಒಣ ಹಿಟ್ಟಿನಲ್ಲೇ ಬೆರೆಸಿದರೆ ಆಯಿತು. ತಾಜಾ ಯೀಸ್ಟ್ ಅನ್ನು ಬೆರಳಿನಿಂದ ಪುಡಿಮಾಡಿ ಉಗುರುಬೆಚ್ಚಗಿನ ನೀರಿನಲ್ಲಿ ಕದಡಬೇಕು. ಒಳ್ಳೆಯ ತುಂಡು ಥಟ್ಟನೆ ಮುರಿಯುತ್ತದೆ, ಲೋಳೆಯಾಗಿ ಕಂದಿದುದನ್ನು ಎಸೆಯಬೇಕು.

ಸಿಹಿ ಬನ್ನಿನಂಥವುಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಹಿಟ್ಟಿನ ತೂಕದ ಶೇ. 10ಕ್ಕಿಂತ ಹೆಚ್ಚು ಸಕ್ಕರೆ ಇದ್ದರೆ, ಅದು ಕೋಶಗಳಿಂದ ನೀರನ್ನು ಸೆಳೆದುಕೊಂಡು ಉಬ್ಬುವಿಕೆಯನ್ನು ನಿಧಾನಗೊಳಿಸುತ್ತದೆ. ಅಂಥಲ್ಲಿ ಸಿಹಿ ಹಿಟ್ಟಿಗೆಂದೇ ತಯಾರಿಸಿದ ಇನ್‌ಸ್ಟಂಟ್ ಯೀಸ್ಟ್ ಸೂಕ್ತ. ಅದಿಲ್ಲದಿದ್ದರೆ ಯೀಸ್ಟ್ ತುಸು ಹೆಚ್ಚಿಸಿ, ಹಿಟ್ಟಿಗೆ ಹೆಚ್ಚು ಸಮಯ ಕೊಡಬೇಕು.

ಯಾವ ಯೀಸ್ಟೂ ಇಲ್ಲದಿದ್ದಾಗ ಬೇಕಿಂಗ್ ಪೌಡರ್ ಹಾಕಿ ಅದೇ ಬ್ರೆಡ್ ಮಾಡಲು ಹೋಗಬೇಡಿ. ಅದರ ಅನಿಲವು ಬೇಗ ಹೊರಬಂದು ಮುಗಿಯುವುದರಿಂದ ಗಂಟೆಗಟ್ಟಲೆ ಉಬ್ಬಬೇಕಾದ ಹಿಟ್ಟಿಗೆ ಒದಗುವುದಿಲ್ಲ. ಚೆನ್ನಾಗಿ ಹುದುಗಿದ ಸಾವರ್‌ಡೋ ಹುಳಿಹಿಟ್ಟು ಇದ್ದರೆ ಅದು ನಿಜವಾದ ಪರ್ಯಾಯ. ಹಿಟ್ಟು, ನೀರು ಸಮತೂಕದಲ್ಲಿರುವ 100 ಗ್ರಾಂ ಹುಳಿಹಿಟ್ಟು ಹಾಕಿದರೆ, ಪಾಕವಿಧಾನದಿಂದ 50 ಗ್ರಾಂ ಹಿಟ್ಟನ್ನೂ 50 ಗ್ರಾಂ ನೀರನ್ನೂ ಕಳೆಯಬೇಕು. ಉಬ್ಬಲು ಹಲವು ಗಂಟೆ ಹಿಡಿಯುತ್ತದೆ, ರುಚಿಯಲ್ಲಿ ಹುಳಿಯೂ ಬರುತ್ತದೆ.

ಯೀಸ್ಟ್ ಬದಲಾದಾಗ ಪಾಕವಿಧಾನ ಹೇಳಿದ ಸಮಯಕ್ಕಿಂತ ಹಿಟ್ಟನ್ನೇ ನೋಡಿ ನಿರ್ಧರಿಸಬೇಕು. ಮೊದಲ ಸುತ್ತಿನಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟಾಗುವ ತನಕ ಕಾಯಿರಿ. ಆಕಾರ ಕೊಟ್ಟ ಮೇಲೆ, ಹಿಟ್ಟು ಹಚ್ಚಿದ ಬೆರಳಿನಿಂದ ಮೆಲ್ಲನೆ ಒತ್ತಿದಾಗ ಕುಳಿ ತಕ್ಷಣ ತುಂಬಿಕೊಂಡರೆ ಇನ್ನೂ ಸಮಯ ಬೇಕು. ನಿಧಾನವಾಗಿ, ಅರ್ಧದಷ್ಟು ಮಾತ್ರ ತುಂಬಿಕೊಂಡರೆ ಒಲೆಗೆ ಇಡಬಹುದು.