ಮಳೆ–ಬಿಸಿಲಿನ ವಾರಾಂತ್ಯಕ್ಕೆ ರೇಸ್ ತಂಡ ಸಜ್ಜಾಗುವುದು ಹೇಗೆ?

ಮೈಸೂರು, ಮಂಡ್ಯ ಕಡೆಯ ಸಣ್ಣ ರೇಸ್ ತಂಡಗಳಿಗೆ ಸ್ವಂತ ಊರಿನಲ್ಲಿ ಟ್ರ್ಯಾಕ್ ಇಲ್ಲ. ಲಲಿತಮಹಲ್ ಹೆಲಿಪ್ಯಾಡ್ ಮೈದಾನದ ಮಣ್ಣಿನಲ್ಲಿ ಕೈ ಪಳಗಿಸಿಕೊಂಡವರು ಡಾಂಬರಿನ ಮೇಲೆ ಸ್ಪರ್ಧಿಸಬೇಕೆಂದರೆ ಚೆನ್ನೈ ಹತ್ತಿರ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಬೇಕು. ಬಿಸಿಲಿದ್ದಾಗ ಅಚ್ಚುಕಟ್ಟಾಗಿ ಕೆಲಸ ಮಾಡುವ ತಂಡವೇ ಮಧ್ಯಾಹ್ನ ನಾಲ್ಕು ಹನಿ ಬಿದ್ದೊಡನೆ ಸಂತೆಯಾಗುವುದನ್ನು ನಾನು ಅಲ್ಲಿ ಹಲವು ಸಲ ನೋಡಿದ್ದೇನೆ. ಒಬ್ಬ ಜಾಕ್ ಹಿಡಿದು ಓಡುತ್ತಾನೆ, ಇನ್ನೊಬ್ಬ ಮಳೆ ಟಯರಿನ (ನೀರನ್ನು ಹೊರಹಾಕಲು ಕಾಲುವೆ ಕೊರೆದ ಟಯರಿನ) ಗಾಳಿಯನ್ನು ಆಗ ನೋಡತೊಡಗುತ್ತಾನೆ, ಮಾಲೀಕರು, ಮೇಸ್ತ್ರಿ ಮತ್ತು ಚಾಲಕನ ಅಣ್ಣ ಮೂವರೂ ಮೂರು ಮಾತು ಹೇಳುತ್ತಾರೆ. ಮಳೆ ನಮ್ಮ ಕೈಯಲ್ಲಿಲ್ಲ. ಈ ಗೊಂದಲವನ್ನು ತಪ್ಪಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಹಂತ 1: ಹೊರಡುವ ಮುನ್ನ

ಪರವಾನಗಿ, ಹೆಲ್ಮೆಟ್, ಬೆಂಕಿ ನಂದಿಸುವ ಸಿಲಿಂಡರ್, ಉಪಕರಣಗಳ ಪಟ್ಟಿಯನ್ನು ಎಲ್ಲರೂ ಬಲ್ಲರು. ಸ್ಪರ್ಧೆಯ ನಿಯಮಾವಳಿಯಲ್ಲಿ ಎಷ್ಟು ಸೆಟ್ ಟಯರಿಗೆ ಅವಕಾಶವಿದೆ ಎಂಬುದನ್ನು ಮಾತ್ರ ಮನೆಯಲ್ಲೇ ಓದಿಕೊಳ್ಳಿ. ಕೊಯಮತ್ತೂರಿಗೆ ಚಾಮರಾಜನಗರದ ಮೇಲೆ ಹೋಗುವವರು ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದನ್ನು ಮರೆಯದೆ ಹಗಲಿನಲ್ಲೇ ಲಾರಿ ಹೊರಡಿಸಬೇಕು.

ಹಂತ 2: ಟಯರಿನ ಗಾಳಿ

ಬಹುತೇಕ ತಂಡಗಳು ಸೋಲುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಟಯರ್ ಕಾದಂತೆ ಒಳಗಿನ ಗಾಳಿ ಹಿಗ್ಗುತ್ತದೆ. ಮುಖ್ಯವಾದದ್ದು ಓಡುವಾಗ ಇರುವ ಬಿಸಿ ಅಳತೆಯೇ ಹೊರತು ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕದಲ್ಲಿ ತಂಡ ಕೆಲಸ ಮಾಡುವ ಜಾಗದಲ್ಲಿ) ಹಾಕುವ ತಣ್ಣನೆಯ ಅಳತೆಯಲ್ಲ. ಉದಾಹರಣೆಗೆ, 35 ಡಿಗ್ರಿ ಬಿಸಿಲಿನಲ್ಲಿ 21 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿದ ಸ್ಲಿಕ್ ಟಯರ್, ಅಂದರೆ ಒಣ ನೆಲಕ್ಕೆಂದೇ ಇರುವ ನುಣುಪು ಮೈಯ ಟಯರ್, 85 ಡಿಗ್ರಿಗೆ ಏರಿದಾಗ ಸುಮಾರು 27 ತೋರಿಸುತ್ತದೆ. ಅದೇ 21ನ್ನು ಮಳೆ ಟಯರಿಗೂ ಹಾಕಿ ಕಳುಹಿಸಿದರೆ, ನೀರು ಸತತವಾಗಿ ತಣಿಸುವುದರಿಂದ ಅದು 45 ಡಿಗ್ರಿ ದಾಟುವುದೇ ಕಷ್ಟವಾಗಿ, ಅಳತೆ 22–23ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಗಾಳಿ ಕಡಿಮೆಯಾದ ಟಯರಿನ ಮಧ್ಯಭಾಗ ಒಳಕ್ಕೆ ಕುಗ್ಗಿ, ಕಾಲುವೆಗಳು ಮುಚ್ಚಿಕೊಂಡು, ನೀರನ್ನು ಹೊರಗೆ ತಳ್ಳಬೇಕಾದ ಟಯರೇ ನೀರಿನ ಮೇಲೆ ತೇಲತೊಡಗುತ್ತದೆ. ಆದ್ದರಿಂದ ಮಳೆ ಟಯರಿಗೆ ತಣ್ಣಗಿರುವಾಗಲೇ ನಾಲ್ಕೈದು ಪಿಎಸ್‌ಐ ಹೆಚ್ಚು ಹಾಕಿಡಬೇಕು. ನಿಖರ ಅಂಕಿಯನ್ನು ಟಯರ್ ತಯಾರಕರ ಸೂಚನೆಯಿಂದಲೂ ಶುಕ್ರವಾರದ ಅಭ್ಯಾಸದಿಂದಲೂ ಕಂಡುಕೊಳ್ಳಬೇಕು.

ಇನ್ನೂ ಎರಡು ಸಂಗತಿಗಳನ್ನು ಗಮನಿಸಬೇಕು. ಪಿಟ್‌ನ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿದ ನಾಲ್ಕು ಟಯರುಗಳಲ್ಲಿ ಎರಡರ ಮೇಲೆ ಬಿಸಿಲು, ಎರಡರ ಮೇಲೆ ನೆರಳು ಬಿದ್ದಿದ್ದರೆ ಗೇಜ್ ಒಂದೂವರೆ ಪಿಎಸ್‌ಐ ವ್ಯತ್ಯಾಸ ತೋರಿಸಬಹುದು. ಆ ವ್ಯತ್ಯಾಸವನ್ನು ಸರಿಪಡಿಸಲು ಹೋದವನು ನಿಜವಾದ ತಪ್ಪನ್ನು ಟಯರಿನೊಳಗೆ ತುಂಬಿರುತ್ತಾನೆ. ಎಲ್ಲ ಟಯರುಗಳೂ ನೆರಳಿನಲ್ಲಿರಲಿ. ಎರಡನೆಯದಾಗಿ, ಕಂಪ್ರೆಸರ್ ಟ್ಯಾಂಕಿನ ಕೆಳಗಿನ ತಿರುಪನ್ನು ಪ್ರತಿದಿನ ಬೆಳಿಗ್ಗೆ ಬಿಚ್ಚಿ ನೀರನ್ನು ಹೊರಬಿಡಬೇಕು. ತೇವವಾದ ಗಾಳಿ ಕಾದಾಗ ಹಬೆಯಾಗಿ, ಲೆಕ್ಕಕ್ಕೆ ಸಿಗದಂತೆ ಒತ್ತಡವನ್ನು ಏರಿಸುತ್ತದೆ. ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಸಿಗುವ ಅಗ್ಗದ ಪೆನ್ ಗೇಜ್‌ಗಳನ್ನು ದಯವಿಟ್ಟು ಕೊಳ್ಳಬೇಡಿ. ಒಂದೇ ಟಯರಿಗೆ ಮೂರು ಸಲ ಹಿಡಿದರೆ ಮೂರು ಅಂಕಿ ತೋರಿಸುವ ಸಾಧನದಿಂದ ರೇಸ್ ನಡೆಸಲಾಗದು.

ಹಂತ 3: ಗಾಜು ಮತ್ತು ಪೆಡಲ್

ಮುಚ್ಚಿದ ಕಾರಿನಲ್ಲಿ ಮಳೆಗಿಂತ ಮೊದಲು ಚಾಲಕನ ಕಣ್ಣು ಕಟ್ಟುವುದು ಅವನ ಉಸಿರೇ. ಗಾಜಿನ ಒಳಮೈ ಜಿಡ್ಡಿಲ್ಲದೆ ಸ್ವಚ್ಛವಾಗಿರಬೇಕು, ಗಾಳಿ ಬೀಸುವ ಕೊಳವೆ ಗಾಜಿನ ಬುಡಕ್ಕೇ ತಲುಪಬೇಕು. ಪಾಲಿಕಾರ್ಬನೇಟ್ ಗಾಜು ಇದ್ದರೆ ಅಮೋನಿಯಾ ಬೆರೆತ ಕ್ಲೀನರ್ ಹತ್ತಿರವೂ ಬರಬಾರದು. ಅದು ಗಾಜನ್ನು ಮಬ್ಬಾಗಿಸುತ್ತದೆ. ಹೊರಮೈಗೆ ಹೊಗೆಸೊಪ್ಪು ಉಜ್ಜುವ ಹಳೆಯ ಬಸ್ ಚಾಲಕರ ಉಪಾಯ ಗಂಟೆಗೆ 40 ಕಿ.ಮೀ. ವೇಗಕ್ಕೆ ಸರಿ, ರೇಸಿಗಲ್ಲ. ಹೊಸ ವೈಪರ್ ರಬ್ಬರಿನ ಬೆಲೆ ಎಷ್ಟು ಮಹಾ? ಚಾಲಕ ಪಿಟ್‌ನಿಂದ ಕಾರಿನವರೆಗೆ ನಡೆಯುವಾಗ ಷೂಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಕೂತ ಮೇಲೆ ತೆಗೆದು, ಅಂಗಾಲನ್ನು ಒಣ ಟವೆಲಿನಿಂದ ಒರೆಸಬೇಕು. ಒದ್ದೆ ಷೂ ಬ್ರೇಕ್ ಪೆಡಲಿನಿಂದ ಜಾರಿದರೆ ಉಳಿದ ಸಿದ್ಧತೆಯೆಲ್ಲ ವ್ಯರ್ಥ.

ಹಂತ 4: ಕಾರಿನ ಹೊಂದಾಣಿಕೆ

ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್ ಮೆದು ಮಾಡಿ. ಒದ್ದೆ ನೆಲದಲ್ಲಿ ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ವಾಲುವುದು ಕಡಿಮೆಯಾದ್ದರಿಂದ ಬ್ರೇಕಿನ ಪಾಲನ್ನು ಸ್ವಲ್ಪ ಹಿಂದಿನ ಚಕ್ರಗಳ ಕಡೆಗೆ ಸರಿಸಿ. ಇಷ್ಟು ಸಾಕು. ಮಳೆ ಬಂದು ಹೋಗುವ ದಿನ ಸ್ಪ್ರಿಂಗ್ ಬದಲಾಯಿಸಲು ಕೂರುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಹಂತ 5: ಟಯರ್ ಬದಲಾಯಿಸುವ ನಿರ್ಧಾರ

ನಿರ್ಧಾರ ಒಬ್ಬರದೇ ಆಗಿರಬೇಕು; ಆ ಒಬ್ಬರು ಚಾಲಕನೂ ಆಗಬಾರದು, ಹಣ ಹಾಕಿದವರೂ ಆಗಬಾರದು. ಚಾಲಕನ ಕೆಲಸ ತಿರುವಿನ ಸಂಖ್ಯೆಯ ಜೊತೆಗೆ "ಒಣ", "ತೇವ", "ನಿಂತ ನೀರು" ಎಂಬ ಮೂರು ಮಾತುಗಳಲ್ಲಿ ಒಂದನ್ನು ರೇಡಿಯೊದಲ್ಲಿ ಹೇಳುವುದಷ್ಟೇ.

ಮೊಬೈಲಿನ ಮಳೆ ನಕ್ಷೆಯನ್ನು ನಂಬಿ ಕೂರುವ ಅಭ್ಯಾಸ ಈಗ ಹೆಚ್ಚಾಗಿದೆ. ಆ ಚಿತ್ರ ಕೈಗೆ ಬರುವಷ್ಟರಲ್ಲಿ ಹಲವು ನಿಮಿಷ ಹಳೆಯದಾಗಿರುತ್ತದೆ. ಅದರ ಬದಲು ಮಳೆ ಬರುವ ದಿಕ್ಕಿನ ದೂರದ ತಿರುವಿನ ಬಳಿ ಪ್ರವೇಶಕ್ಕೆ ಅನುಮತಿಯಿರುವ ಜಾಗದಲ್ಲಿ ಒಬ್ಬ ಹುಡುಗನನ್ನು ವಾಕಿಟಾಕಿ ಕೊಟ್ಟು ನಿಲ್ಲಿಸಿ. ಚೆನ್ನೈ ಟ್ರ್ಯಾಕ್ 3.7 ಕಿ.ಮೀ. ಉದ್ದ ಅಷ್ಟೇ, ಆದರೂ ಪಿಟ್ ಎದುರು ಒಣಗಿರುವಾಗ ಆಚೆ ಬದಿ ಹೊಳೆಯುತ್ತಿರಬಹುದು. 24 ಗಂಟೆಗಳ ರೇಸ್ ನಡೆಯುವ ಫ್ರಾನ್ಸಿನ ಲೆ ಮಾನ್ ಟ್ರ್ಯಾಕ್ 13.626 ಕಿ.ಮೀ. ಇರುವುದರಿಂದ ಅಲ್ಲಿ ಒಂದು ತುದಿಯಲ್ಲಿ ಮಳೆ, ಇನ್ನೊಂದು ತುದಿಯಲ್ಲಿ ಧೂಳು ಇರುವುದು ಸಾಮಾನ್ಯ ಸಂಗತಿ. 2024ರ ಸ್ಪರ್ಧೆಯಲ್ಲಂತೂ ಮಳೆಯಿಂದಾಗಿ ರಾತ್ರಿ ನಾಲ್ಕು ಗಂಟೆಗೂ ಹೆಚ್ಚು ಕಾಲ ಕಾರುಗಳು ಎಲ್ಲರ ವೇಗ ತಗ್ಗಿಸಲು ಮುಂದೆ ಓಡಿಸುವ ಸುರಕ್ಷತಾ ಕಾರಿನ ಹಿಂದೆಯೇ ಸಾಗಿದವು.

ಒಣ ಟಯರಿನಿಂದ ಮಳೆ ಟಯರಿಗೆ ಬರುವುದು ಸುಲಭದ ನಿರ್ಧಾರ. ಸ್ಲಿಕ್ ಟಯರಿಗೆ ಕಾಲುವೆಯೇ ಇಲ್ಲ. ಎರಡು ತಿರುವುಗಳಿಂದ "ನಿಂತ ನೀರು" ಎಂಬ ಮಾತು ಬಂದರೆ ವಾದ ಮಾಡದೆ ಒಳಗೆ ಕರೆಯಿರಿ. ಒಣಗುತ್ತಿರುವಾಗ ಸ್ಲಿಕ್‌ಗೆ ಮರಳುವುದು ಮಾತ್ರ ಆಲೆಮನೆಯ ಪಾಕದಂತೆ, ಹದ ತಪ್ಪಿದರೆ ಮತ್ತೆ ಕೈಗೆ ಸಿಗುವುದಿಲ್ಲ. ಮೊದಲು ಮುಖ್ಯ ನೇರ ಹಾದಿಯಲ್ಲಿ ಕಾರುಗಳ ಹಿಂದೆ ಏಳುವ ನೀರಿನ ತುಂತುರನ್ನು ನೋಡಿ. ಅದು ನಿಂತಿದ್ದು, ಡಾಂಬರು ಇನ್ನೂ ಕಪ್ಪಗಿದ್ದರೆ ಸಮಯ ಹತ್ತಿರ ಬಂದಿದೆ ಎಂದರ್ಥ. ಈ ಹೊತ್ತಿನಲ್ಲಿ ಮಳೆ ಟಯರಿನ ಮೆತ್ತನೆಯ ರಬ್ಬರು ಕಾದು ಹರಿಯತೊಡಗುತ್ತದೆ. ಚಾಲಕನಿಗೆ ನೇರ ಹಾದಿಗಳಲ್ಲಿ ಬೇಕೆಂದೇ ಒದ್ದೆ ಇರುವ ಕಡೆ ಓಡಿಸಿ ಟಯರನ್ನು ತಣಿಸಲು ಹೇಳಿ. ಆಮೇಲೆ ಲೆಕ್ಕ ಹಾಕಿ. ಪಿಟ್‌ಗೆ ಬಂದು ಹೋಗಲು 40 ಸೆಕೆಂಡು ನಷ್ಟವಾಗುತ್ತದೆ, ಉಳಿದಿರುವುದು ಆರು ಸುತ್ತು ಎಂದಾದರೆ, ಸ್ಲಿಕ್ ಪ್ರತಿ ಸುತ್ತಿಗೆ ಏಳು ಸೆಕೆಂಡು ಉಳಿಸಿದರೆ ಮಾತ್ರ ಬದಲಾವಣೆ ಸಾರ್ಥಕ. ಅಷ್ಟು ಉಳಿಯುತ್ತದೆಯೇ ಎಂದು ತಿಳಿಯಲು, ಧೈರ್ಯ ಮಾಡಿ ಮೊದಲು ಬದಲಾಯಿಸಿದ ತಂಡದ ಎರಡನೆಯ ಸುತ್ತಿನ ಸಮಯವನ್ನು ನೋಡಬೇಕು. ಮೊದಲ ಸುತ್ತಿನ ಸಮಯ ನೋಡಿ ತೀರ್ಮಾನಿಸುವವರು ಮೋಸಹೋಗುತ್ತಾರೆ, ಏಕೆಂದರೆ ಆಗ ಟಯರ್ ಇನ್ನೂ ತಣ್ಣಗಿರುತ್ತದೆ.

ಆ ತಣ್ಣನೆಯ ಸುತ್ತು ಅತ್ಯಂತ ಅಪಾಯದ್ದು. ದೀರ್ಘ ಅವಧಿಯ ರೇಸ್‌ಗಳ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಷಿಪ್‌ನಲ್ಲಿ 2023ರಲ್ಲಿ ಟಯರ್ ಬಿಸಿ ಮಾಡುವ ಸಾಧನಗಳನ್ನು ನಿಷೇಧಿಸಿದಾಗ, ಆ ವರ್ಷ ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ಸ್ಪರ್ಧೆಯಲ್ಲಿ ಫೆರಾರಿ ಕಾರೊಂದು ಪಿಟ್‌ನಿಂದ ಹೊರಬಂದ ಕೂಡಲೇ ತಣ್ಣನೆಯ ಟಯರಿನಿಂದಾಗಿ ತಡೆಗೋಡೆಗೆ ಬಡಿದಿತ್ತು. ಬಿಳಿ ಗೆರೆ, ಬಣ್ಣ ಬಳಿದ ಅಂಚುಗಳನ್ನು ಮುಟ್ಟದೆ, ಒಣಗಿದ ಪಟ್ಟಿಯನ್ನು ಬಿಡದೆ ಆ ಸುತ್ತನ್ನು ಮುಗಿಸುವಂತೆ ಚಾಲಕನಿಗೆ ಪಿಟ್ ಬಿಡುವ ಮುನ್ನವೇ ನೆನಪಿಸಿ.

ಹಂತ 6: ರೇಸ್ ಮುಗಿದ ಮೇಲೆ

ಒಳಗೆ ಬಂದ ಟಯರುಗಳ ಬಿಸಿ ಅಳತೆಯನ್ನು ತಕ್ಷಣವೇ ತೆಗೆದು, ಆಗಿನ ಹವೆಯ ಜೊತೆ ಪುಸ್ತಕದಲ್ಲಿ ಬರೆದಿಡಿ. ಐದು ನಿಮಿಷ ತಡವಾದರೆ ಆ ಅಂಕಿಗೆ ಬೆಲೆಯಿಲ್ಲ. ಕಾರನ್ನು ಲಾರಿಗೆ ಏರಿಸುವ ಮುನ್ನ ನಿಧಾನವಾಗಿ ಒಂದೆರಡು ಸಲ ಓಡಿಸಿ ಬ್ರೇಕ್ ಒಣಗಿಸಿ, ಒಳಗಿನ ನೀರು ಒರೆಸಿ. ಒದ್ದೆ ಕಾರಿನ ಮೇಲೆ ಟಾರ್ಪಾಲು ಬಿಗಿದು ಕಟ್ಟಿದರೆ ಮೈಸೂರು ಮುಟ್ಟುವಷ್ಟರಲ್ಲಿ ಬ್ರೇಕ್ ಡಿಸ್ಕ್ ಮೇಲೆ ಕೆಂಪು ತುಕ್ಕು ಕೂತಿರುತ್ತದೆ.